ಅರೆದವಳ ಮುಖಕ್ಕೆ ಮೊದಲು

ಕಮಲಾಪುರದ ಬಂಡಿ ಬ್ರಹ್ಮಪುರದ ತವರುಮನೆ ಮುಂದೆ ನಿಂತಾಗ ನೀಲಗಂಗಮ್ಮ ಮೊದಲು ಇಳಿಸಿದ್ದು ತನ್ನ ಬಟ್ಟೆಗಂಟನ್ನಲ್ಲ, ಹುಲ್ಲಿನಲ್ಲಿ ಸುತ್ತಿ ತಂದಿದ್ದ ಕೆಂಪು ಬಾಳೆಯ ಗೊನೆಯನ್ನು. ಅಣ್ಣ ಅಣವೀರಪ್ಪನ ಮಗಳು ಜಯದೇವಿಯ ಮದುವೆ ವಾರದೊಳಗೇ ಇತ್ತು. ಕಾಲಿಗೆ ನಮಸ್ಕರಿಸಲು ಬಂದ ಹುಡುಗಿ ಮಾತ್ರ ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡಿದ್ದಳು.

"ಯಾಕವ್ವ, ಸೋದರತ್ತಿ ಮುಂದನೂ ಗೋಷಾ ಏನು?"

ಜಯದೇವಿ ಸೆರಗು ಸರಿಸಿದಳು. ಕೆನ್ನೆ ತುಂಬ ಗುಳ್ಳೆ. ಗುಳ್ಳೆ ಇಲ್ಲದ ಕಡೆ ಬೇಸಿಗೆಯ ಒಣಗಾಳಿಗೆ ಚರ್ಮ ಸುಲಿದು ಹೊಟ್ಟಿನಂತೆ ಎದ್ದಿತ್ತು.

"ಆಯಿ ಕೆನಿ ಹಚ್ಯಾಳ. ಕೆನಿ ಆದ ಮ್ಯಾಲ ಬೆಣ್ಣಿ, ಬೆಣ್ಣಿ ಆದ ಮ್ಯಾಲ ಮತ್ತ ಕೆನಿ. ಮನ್ಯಾಗಿನ ಬೆಕ್ಕು ನನ್ನ ಬೆನ್ನು ಬಿಡವಲ್ದು ಅತ್ತಿ."

ಆಯಿ, ಅಂದರೆ ನೀಲಗಂಗಮ್ಮನ ತಾಯಿ ಶಿವಕಾಂತಮ್ಮ, ಪಡಸಾಲೆಯಲ್ಲಿ ಶ್ಯಾವಿಗೆ ಒಣಹಾಕುತ್ತಿದ್ದವಳು ತಲೆ ಎತ್ತಲಿಲ್ಲ. "ನಮ್ಮ ಎಮ್ಮಿ ಕೆನಿ ಯಾರಿಗೂ ಕೆಟ್ಟ ಮಾಡಿಲ್ಲ. ಈಕಿ ಚರ್ಮನೇ ನಖರಾದ್ದು."

"ಇರಲಿ ಬಿಡವ್ವ, ಇನ್ನ ನಾ ನೋಡ್ಕೋತೀನಿ. ಹಾಲು, ಮೊಸರು, ಕೆನಿ, ಜೇನು, ಒಂದೂ ಬ್ಯಾಡ. ಗಿಡ ಬಳ್ಳಿ ಕೊಟ್ಟದ್ದಷ್ಟ ಸಾಕು."

"ಮುಖಕ್ಕ ಲೇಪ ಅರಿಯೋದು ಅರಿ," ಎಂದ ಶಿವಕಾಂತಮ್ಮ ದನಿ ತಗ್ಗಿಸಿದಳು. "ಆದ್ರ ನೀ ಹಚ್ಚಕೊಂಡು ಕುಂದ್ರಬ್ಯಾಡ. ಬೀಗರ ಕಡೀ ಮಂದಿ ಬಂದು ಹೋಗ್ತಾರ. ನಿನ್ನಂಥಾಕಿ ಮುಖ ತೀಡಿಕೊಂಡ್ರ ನಾಕು ಮಾತು ಆಗ್ತಾವ."

ನೀಲಗಂಗಮ್ಮ ಹೂಂ ಎಂದಳು. ಗಂಡ ತೀರಿಕೊಂಡು ಏಳು ವರ್ಷವಾಗಿತ್ತು. ಹೂಂ ಎನ್ನುವುದು ನಾಲಗೆಗೆ ರೂಢಿಯಾಗಿತ್ತು.

ಈ ಲೇಪ ಅರೆಯುವುದನ್ನು ಅವಳಿಗೆ ಕಲಿಸಿದ್ದು ಕಮಲಾಪುರದ ಅತ್ತೆ. ಅತ್ತೆಯದು ಒಂದೇ ಕಟ್ಟುನಿಟ್ಟು: ಯಾರಿಗಾಗಿ ಅರೆದರೂ ಲೇಪ ಮೊದಲು ಅರೆದವಳ ಮುಖಕ್ಕೆ ಬೀಳಬೇಕು. ಉರಿದರೆ ಅವಳಿಗೇ ಉರಿಯಲಿ. ಗಂಡ ಹೋದ ಮೇಲೆ ನೀಲಗಂಗಮ್ಮ ಈ ಪರೀಕ್ಷೆಗೆ ಮೈದುನನ ಹೆಂಡತಿ ಚಂದಮ್ಮನನ್ನು ಮುಂದೆ ಮಾಡುತ್ತಿದ್ದಳು. ಚಂದಮ್ಮನಿಗೂ ಅದು ಖುಷಿಯೇ. ಆದರೆ ಚಂದಮ್ಮ ಈಗ ಕಮಲಾಪುರದಲ್ಲಿದ್ದಳು.

ಮರುದಿನ ಬೆಳಿಗ್ಗೆ, ರಾತ್ರಿಯೇ ನೆನೆಹಾಕಿದ್ದ ಬಿಳಿ ಎಳ್ಳನ್ನು ನುಣ್ಣಗೆ ಅರೆದು ಹಾಲು ಹಿಂಡಿದಳು. ಎರಡು ಕೆಂಪು ಬಾಳೆಹಣ್ಣು ಸುಲಿದು ಹಿಸುಕಿದಳು. ಸಿಪ್ಪೆ ಎಷ್ಟು ಕೆಂಪೋ ಒಳಗಿನ ತಿರುಳು ಅಷ್ಟೇ ತಿಳಿ. ಹಿತ್ತಲಿನ ಲೋಳಸರದ ಎಸಳು ಸೀಳಿ ಅದರ ಲೋಳೆ, ಸೌತೆಕಾಯಿ ಹಿಂಡಿದ ನೀರು, ಜಾರದಿರಲೆಂದು ಒಂದು ಚಿಟಿಕೆ ಹೆಸರುಹಿಟ್ಟು. ಬಟ್ಟಲು ತುಂಬಿದ್ದನ್ನು ಒಲೆಯಿಂದ ದೂರ ತಂಪಿಗಿಟ್ಟು ಕೈ ತೊಳೆಯಲು ಹೋದಳು.

ಬರುವಷ್ಟರಲ್ಲಿ ಬಟ್ಟಲು ಅಣವೀರಪ್ಪನ ಕೈಯಲ್ಲಿತ್ತು. ತಹಸೀಲ ಕಚೇರಿಗೆ ಹೊರಟು ನಿಂತ ಕಾರಕೂನ, ತಲೆಯ ಮೇಲೆ ರುಮಾಲು, ಬೆರಳ ತುದಿಯಲ್ಲಿ ಕೊನೆಯ ತುತ್ತು.

"ಬಾಳಿಹಣ್ಣಿನ ಸೀಕರಣಿ ಚಂದಾಗ್ಯಾದ ನೀಲಾ. ಬೆಲ್ಲ ಹಾಕೋದು ಮರತೀ ನೋಡು."

"ಅಣ್ಣಾ, ಅದು ನಿನ್ನ ಮಗಳ ಮುಖಕ್ಕ ಹಚ್ಚೋದು."

ಅವನು ಬಟ್ಟಲನ್ನೊಮ್ಮೆ, ತಂಗಿಯನ್ನೊಮ್ಮೆ ನೋಡಿದ. "ಹಂಗಾರ ಒಳಗಿನಿಂದನ ಬೆಳ್ಳಗ ಆಗ್ತೀನಿ ಬಿಡು," ಎಂದು ಮೀಸೆ ಒರೆಸಿಕೊಂಡು ಹೊರಟುಹೋದ.

ಅಡುಗೆಮನೆಯಲ್ಲಿ ಅವನ ಹೆಂಡತಿ ಲಲಿತಾಬಾಯಿ ನಕ್ಕು ನಕ್ಕು ಹೋಳಿಗೆಯ ಹೂರಣದಲ್ಲೇ ಕೈ ಊರಿ ಕೂತಳು.

ನೀಲಗಂಗಮ್ಮ ಮತ್ತೆ ಅರೆದಳು. ಈ ಸಲ ಹಿತ್ತಲಿನಲ್ಲಿ ಬೇವಿನ ನೆರಳಿಗೆ ಕೂತು, ಬಟ್ಟಲನ್ನು ಮಂಡಿಗಳ ನಡುವೆ ಇಟ್ಟುಕೊಂಡು. ಹಿತ್ತಲ ಗೋಡೆಯ ಕಿರುಬಾಗಿಲಿನಿಂದ ಪಕ್ಕದ ಮನೆಯ ಖುರ್ಷೀದ್ ಬೇಗಂ ಬಂದಳು. ಇಬ್ಬರೂ ಇದೇ ಹಿತ್ತಲಿನಲ್ಲಿ ಕುಂಟಬಿಲ್ಲೆ ಆಡಿ ಬೆಳೆದವರು.

"ಬಾರವ್ವ ಜಯದೇವಿ, ಹಚ್ತೀನಿ," ಎಂದು ನೀಲಗಂಗಮ್ಮ ಕರೆದಳು.

ಜಯದೇವಿ ಬಂದಳು, ಆದರೆ ಎರಡು ಮಾರು ದೂರವೇ ನಿಂತಳು. "ಅತ್ತಿ, ನೀ ಹಚ್ಚಕೊಂಡು ನೋಡೀ ಏನು?"

"ನಿಮ್ಮಪ್ಪ ತಿಂದೇ ನೋಡ್ಯಾನಲ್ಲ. ಏನೂ ಆಗಿಲ್ಲ."

"ಅವರ ಹೊಟ್ಟಿಗೆ ಆಗಿಲ್ಲ. ನನಗ ಬೇಕಾದದ್ದು ಮುಖ."

"ಇತ್ತ ತಾ, ನಂಗ ಹಚ್ಚು ನೀಲೂ," ಎಂದು ಖುರ್ಷೀದ್ ಬೇಗಂ ಮುಖ ಮುಂದೆ ಚಾಚಿದಳು.

"ಖಾಲಾ, ನಿಮಗ ಸುಣ್ಣ ಹಚ್ಚಿದ್ರೂ ಏನೂ ಆಗಂಗಿಲ್ಲ," ಎಂದಳು ಜಯದೇವಿ. ಆಮೇಲೆ ಅವಳ ದನಿ ಸಣ್ಣಗಾಯಿತು. "ಆಯಿನೂ ಹಿಂಗ ಹೇಳಿದ್ಲು ಅತ್ತಿ, ಏನೂ ಆಗಂಗಿಲ್ಲ ಅಂತ. ತನ್ನ ಮುಖಕ್ಕ ಮಾತ್ರ ಒಂದಿನ ಹಚ್ಚಕೊಳ್ಳಲಿಲ್ಲ."

ನೀಲಗಂಗಮ್ಮನ ಕೈ ಬಟ್ಟಲಿನಲ್ಲೇ ನಿಂತಿತು. ಹುಡುಗಿ ಕೇಳಿದ್ದು ಕಮಲಾಪುರದ ಅತ್ತೆಯ ಮಾತನ್ನೇ. ಪಡಸಾಲೆಯ ಕಡೆ ನೋಡಿದಳು. ಅವ್ವನ ಬಳೆ ಸದ್ದು ಅಲ್ಲೇ ಕೇಳುತ್ತಿತ್ತು.

ಈ ಲೇಪದಲ್ಲಿ ಅರಿಶಿನವಿರಲಿಲ್ಲ. ಏಳು ವರ್ಷದ ಹಿಂದೆ ಹಿರಿಯರು ಬಿಡು ಎಂದದ್ದು ಅರಿಶಿನವನ್ನು, ಕುಂಕುಮವನ್ನು, ಹೂವನ್ನು. ಬಾಳೆಹಣ್ಣನ್ನು ಯಾರೂ ಹೆಸರಿಸಿರಲಿಲ್ಲ, ಸೌತೆಕಾಯಿಯನ್ನೂ. ಮುಖ ಒಣಗಿ ಬಿರಿದರೂ ಬಿರಿಯಲಿ, ಏನೂ ಹಚ್ಚುವುದಿಲ್ಲ ಎಂಬುದನ್ನು ಆ ಪಟ್ಟಿಗೆ ಸೇರಿಸಿಕೊಂಡವಳು ತಾನೇ. ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟುಬಿಟ್ಟಿದ್ದೆ ಅಂತ ಅನಿಸಿ ಅವಳಿಗೆ ಒಳಗೊಳಗೇ ನಗು ಬಂತು.

ಎರಡು ಬೆರಳು ಅದ್ದಿ ಕೆನ್ನೆಗೆ ಎಳೆದುಕೊಂಡಳು. ತಂಪು ಮೊದಲು ಕೆನ್ನೆಗೆ, ಆಮೇಲೆ ಕಣ್ಣ ಕೆಳಗೆ, ಆಮೇಲೆ ಎಲ್ಲಿಗೋ ಇಳಿಯಿತು. ಹಣೆಗೂ ಹಚ್ಚಿಕೊಂಡಳು. ಹಣೆಯ ನಡುವೆ ಬೆರಳು ಒಂದು ಕ್ಷಣ ತಡೆದು, ದಾಟಿ ಹೋಯಿತು. ಬೆರಳಿಗೆ ಅಂಟಿ ಉಳಿದದ್ದನ್ನು ಖುರ್ಷೀದಳ ಮೂಗಿಗೆ ಒರೆಸಿದಳು. ಅವಳು ಬಟ್ಟಲಿಗೇ ಕೈ ಹಾಕಿ ಮುಖವಿಡೀ ಬಳಿದುಕೊಂಡಳು.

ಇಬ್ಬರೂ ಕಲ್ಲುಬೆಂಚಿನ ಮೇಲೆ ಅಲ್ಲಾಡದೆ ಕೂತಿದ್ದಾಗ ಶಿವಕಾಂತಮ್ಮ ಮೊರ ಹಿಡಿದು ಹಿತ್ತಲಿಗೆ ಬಂದಳು. ಬಂದವಳು ನಿಂತೇಬಿಟ್ಟಳು. ನೀಲಗಂಗಮ್ಮ ಏಳಹೋದಳು. ಏನಾದರೂ ಹೇಳೋಣವೆಂದರೆ ಅರ್ಧ ಒಣಗಿದ ಲೇಪ ತುಟಿ ಬಿಡಿಸಲು ಕೊಡಲಿಲ್ಲ.

"ಇದರಾಗ ನನ್ನ ಮಗಳು ಯಾಕಿ?" ಎಂದಳು ಶಿವಕಾಂತಮ್ಮ.

ಖುರ್ಷೀದ್ ಬೇಗಂ ಮೆಲ್ಲಗೆ ಬೆರಳೆತ್ತಿ ಪಕ್ಕಕ್ಕೆ ತೋರಿಸಿದಳು. ನಗುವಿಗೆ ಅವಳ ಹೊಟ್ಟೆ ಕುಲುಕಾಡಿತು, ಮುಖದ ಲೇಪ ಬಿರುಕುಬಿಟ್ಟಿತು.

"ಆಯಿ, ನಾನ ಹಚ್ಚಕೋ ಅಂದೀನಿ," ಎಂದು ಜಯದೇವಿ ಅಡ್ಡ ಬಂದಳು. "ಅತ್ತಿ ಹಚ್ಚಕೊಳ್ಳದಿದ್ರ ನಾನೂ ಹಚ್ಚಕೊಳ್ಳಂಗಿಲ್ಲ."

ಶಿವಕಾಂತಮ್ಮ ಮೊರ ಕೆಳಗಿಟ್ಟು ಬೇವಿನ ಬೊಡ್ಡೆಗೆ ಒರಗಿ ಕೂತಳು, ತೊಳೆಯುವವರೆಗೂ ಏಳುವುದಿಲ್ಲ ಎನ್ನುವಂತೆ.

ನೀಲಗಂಗಮ್ಮ ಬಾವಿಯ ನೀರಿನಲ್ಲಿ ಮುಖ ತೊಳೆದಳು. ಅಂಗೈಗೆ ಸಿಕ್ಕ ಕೆನ್ನೆ ಅವಳ ಗುರುತಿನದಾಗಿರಲಿಲ್ಲ, ಅಷ್ಟು ಮೆತ್ತಗಿತ್ತು. ಜಯದೇವಿ ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಬಟ್ಟೆ ಅಂಗಡಿಯಲ್ಲಿ ಸೀರೆ ನೋಡುವವಳಂತೆ ನೋಡಿದಳು.

"ಒಂದೂ ಗುಳ್ಳಿ ಇಲ್ಲ. ಹಚ್ಚು ನನಗ," ಎಂದು ಮುಂದೆ ಕೂತಳು.

ಹುಡುಗಿಯ ಮುಖಕ್ಕೆ ಹಚ್ಚಿ ಮುಗಿಸಿದ ಮೇಲೆ ನೀಲಗಂಗಮ್ಮ ತಾಯಿಯ ಕಡೆ ತಿರುಗಿದಳು. ಬೈಗುಳಕ್ಕೆ ಸಿದ್ಧವಾಗಿಯೇ ತಿರುಗಿದ್ದಳು.

"ಹಂತೇಲಿ ಬಾ," ಎಂದು ಹತ್ತಿರ ಕರೆದಳು ಶಿವಕಾಂತಮ್ಮ. ಸೆರಗಿನ ತುದಿ ಬೆರಳಿಗೆ ಸುತ್ತಿ ಮಗಳ ಕಿವಿಯ ಹಿಂದೆ ಉಳಿದಿದ್ದ ಲೇಪವನ್ನು ಗಸಗಸ ಒರೆಸಿದಳು. ಸಣ್ಣವಳಿದ್ದಾಗಲೂ ಹಾಗೆಯೇ, ನೋಯುವಂತೆಯೇ ಒರೆಸುತ್ತಿದ್ದಳು. "ಕಿವಿ ಹಿಂದ ತೊಳಿಯೋದು ಎಂದೂ ಕಲೀಲಿಲ್ಲ ನೀ." ಆಮೇಲೆ ಮೊರ ಎತ್ತಿಕೊಂಡು ಹೇಳಿದಳು, "ನಾಳಿನೂ ಮೊದಲ ನೀ ಹಚ್ಚಕೊಂಡು ನೋಡು, ಆಮ್ಯಾಲ ಆಕಿಗಿ ಹಚ್ಚು. ಮದಿವಿ ಹುಡುಗಿ ಮುಖ ಅದ. ನೋಡಲಾರದ ಹಚ್ಚಬಾರದು."

"ಬೀಗರ ಕಡ್ಯಾರು ಬಂದ್ರ?"

"ಬರ್ಲಿ. ನಾ ಹೇಳ್ತೀನಿ."

ಒಮ್ಮೆ ಹಚ್ಚಿ ನೋಡಿದ ಲೇಪವನ್ನು ದಿನಾ ಹಚ್ಚಿ ನೋಡಬೇಕಿಲ್ಲ. ಅದು ಶಿವಕಾಂತಮ್ಮನಿಗೂ ಗೊತ್ತಿತ್ತು, ಖುರ್ಷೀದಳಿಗೂ ಗೊತ್ತಿತ್ತು. ಯಾರೂ ಬಾಯಿಬಿಡಲಿಲ್ಲ.

ಸಂಜೆ ಕಚೇರಿಯಿಂದ ಬಂದ ಅಣವೀರಪ್ಪ ರುಮಾಲು ತೆಗೆಯುವ ಮೊದಲೇ ಅಡುಗೆಮನೆಗೆ ಇಣುಕಿದ. "ಸೀಕರಣಿ ಉಳದದ ಏನು ನೀಲಾ?"

"ನಾಳಿ ಮಾಡ್ತೀನಿ," ಎಂದ ನೀಲಗಂಗಮ್ಮ ನೆನೆಹಾಕುವ ಎಳ್ಳಿಗೆ ಇನ್ನೊಂದು ಹಿಡಿ ಸೇರಿಸಿದಳು.