ನಾಲ್ಕು ತೂತಿನ ದೋಣಿ

ಅಂತ್ಯಕ್ರಿಯೆಗೆ ಬಂದಿದ್ದ ನೆಂಟರಲ್ಲಿ ಕೊನೆಯವರು ಹಿಂದಿನ ಸಂಜೆಯ ಬಸ್ಸಿಗೆ ಹೋಗಿದ್ದರು. ಬೆಳಿಗ್ಗೆ ಎದ್ದಾಗ ಮನೆಯಲ್ಲಿ ಉಳಿದಿದ್ದದ್ದು ನಾನು, ನಮ್ಮತ್ತೆ ಮತ್ತು ನಿಂತುಹೋದ ಗೋಡೆ ಗಡಿಯಾರ. ನಾನು ಹಾಲು ಕಾಯಿಸಿದೆ. ಅತ್ತೆ ಸ್ಟೂಲು ಎಳೆದುಕೊಂಡು ಹತ್ತಿ, ಬಾಗಿಲ ಹಿಂದಿನ ಮೊಳೆಯಿಂದ ತುರ್ತುಚೀಲ ಇಳಿಸಿದರು.

ಅದು ನನ್ನ ಗಂಡನ ಚೀಲ. ಪ್ರವಾಹ ಬಂದರೆ ಹೆಗಲಿಗೇರಿಸಿಕೊಂಡು ಓಡಲು ಬೇಕಾದ್ದೆಲ್ಲ ಅದರಲ್ಲಿತ್ತು. ಅತ್ತೆ ಟಾರ್ಚು ಹುಡುಕಿ ತೆಗೆದು, ಅದರ ಪೆನ್ಸಿಲ್ ಸೆಲ್ಲನ್ನು ಗಡಿಯಾರಕ್ಕೆ ಹಾಕಿದರು.

"ಇನ್ಯಾವ ತುರ್ತು ಬಾಕಿ ಇದೆ ಈ ಮನೇಲಿ," ಅಂದರು.

ಗಡಿಯಾರ ನಡೆಯತೊಡಗಿತು.

ನನ್ನ ಗಂಡ ಪ್ರವಾಹ ಸಿದ್ಧತಾ ಕಚೇರಿಯಲ್ಲಿ ತರಬೇತುದಾರರಾಗಿದ್ದರು. ಹೊಳೆದಂಡೆಯ ಊರುಗಳಿಗೆ ಹೋಗಿ, ನೀರು ಏರಿದರೆ ಯಾವ ಸಾಮಾನನ್ನು ಅಟ್ಟಕ್ಕೆ ಹಾಕಬೇಕು, ಮುದುಕರನ್ನು ಹೇಗೆ ಎತ್ತಬೇಕು ಎಂದು ಕಲಿಸುತ್ತಿದ್ದರು. ಜನ ಹಿಂದಿನಿಂದ ಪ್ರಳಯಪ್ಪ ಎನ್ನುತ್ತಿದ್ದರು. ಎದುರಿಗೆ ಅಂದರೂ ಅವರಿಗೆ ಖುಷಿಯೇ. ಅಣಕು ರಕ್ಷಣೆ ನಡೆಸುವಾಗ ಗಾಯಾಳುವಿನ ಪಾತ್ರ ಯಾವಾಗಲೂ ಅವರದು. ಬೇರೆಯವರಿಗೆ ಸುಮ್ಮನೆ ಬಿದ್ದಿರಲು ಬರುವುದಿಲ್ಲ, ನಕ್ಕುಬಿಡುತ್ತಾರೆ ಎಂಬುದು ಅವರ ದೂರು.

ಈ ಸಲ ಒಂದು ಶಾಲೆಯ ಅಂಗಳದಲ್ಲಿ, ಸೀಟಿ ಊದುವ ಮೊದಲೇ ಬಿದ್ದರು. ಸ್ವಲ್ಪ ಬೇಗ ಶುರುವಾಯಿತು ಎಂದುಕೊಂಡು ಜನ ಅವರನ್ನು ಕಲಿಸಿದ ಹಾಗೆಯೇ ಎತ್ತಿದರು, ಕತ್ತು ಅಲುಗದಂತೆ, ಅವಸರ ಮಾಡದೆ. ಅಂಗಳ ದಾಟಿಸಿ ಜಗುಲಿಯ ಮೇಲೆ ಮಲಗಿಸಿ ಚಪ್ಪಾಳೆ ತಟ್ಟಿದರು. ಇಷ್ಟು ಚೆನ್ನಾಗಿ ಹಿಂದೆಂದೂ ಎತ್ತಿರಲಿಲ್ಲವಂತೆ. ಹೃದಯ ನಿಂತಿದೆ ಎಂದರು ಡಾಕ್ಟರು. ನಾನು ಸಂಖ್ಯಾಶಾಸ್ತ್ರ ಓದಿದವಳು. ಆ ವಯಸ್ಸಿನವರಿಗೆ ಹಾಗಾಗುವ ಸಂಭವ ಎಷ್ಟು ಕಡಿಮೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದು ಏನೂ ಉಪಯೋಗವಾಗಲಿಲ್ಲ.

ಹಾಲು ಆರುವ ಮೊದಲೇ ಹೊಳೆಯತ್ತೆ ಬಂದರು. ನಮ್ಮ ಮಾವನವರ ತಂಗಿ. ಒಡ್ಡಿನ ಆಚೆ, ಹೊಳೆಗೆ ತಾಗಿದಂತೆ ಅವರ ಮನೆ ಇರುವುದರಿಂದ ಆ ಹೆಸರು. ಸೊಪ್ಪಿನ ಕಟ್ಟೊಂದನ್ನು ಮೇಜಿನ ಮೇಲಿಟ್ಟು ಕುರ್ಚಿಯ ತುದಿಯಲ್ಲಿ ಕೂತರು. ಮಂಡಿಯವರೆಗೆ ಕೆಸರು.

"ಮೇಲ್ಗಡೆ ಮಳೆ ಜೋರಂತೆ ಅತ್ತಿಗೆ. ನೀರು ಕೆಂಪಗಾಗಿದೆ."

"ನಿನಗೆ ಹೊಳೆ ಬಿಟ್ರೆ ಬೇರೆ ಮಾತೇ ಇಲ್ಲ," ಎಂದರು ಅತ್ತೆ. "ನಿನ್ ಗಂಡ ಹೇಗಿದಾನೆ?"

"ಇದಾರೆ. ಒಂದ್ ಕಡೆ ಕೈಕಾಲು ಬಿದ್ದೋಗಿದೆ, ಬಾಯಿ ಮಾತ್ರ ಎರಡೂ ಕಡೆ ಆಡುತ್ತೆ."

ಆಮೇಲೆ ಸೊಪ್ಪಿನ ವಿಷಯ, ನನ್ನ ಊಟದ ವಿಷಯ, ಕುರ್ಚಿಯ ಒಂದು ಕಾಲು ಅಲ್ಲಾಡುವ ವಿಷಯ ಮಾತಾಡಿದರು. ಹೊರಡುವಾಗ ಬಾಗಿಲಲ್ಲಿ ನಿಂತು ನನಗೆ ಹೇಳಿದರು, "ಸುತ್ತಿ ಬಳಸಿ ನಡ್ಕೊಂಡೇ ಬಂದೆ ಕಣಮ್ಮ. ನಡೆಯೋದು ಒಳ್ಳೇದಂತೆ."

ಅವರು ಯಾವಾಗಲೂ ದೋಣಿಯಲ್ಲಿ ಬರುತ್ತಿದ್ದವರು. ಪ್ರತಿ ವರ್ಷ ನೀರು ಮೊದಲು ನುಗ್ಗುವುದು ಅವರ ಓಣಿಗೆ. ಆಗ ಗಂಡನನ್ನು ದೋಣಿಗೆ ಹಾಕಿಕೊಂಡು, ತಾವೇ ಹುಟ್ಟುಹಾಕಿ ಒಡ್ಡಿನ ಈಚೆ ದಾಟಿಸುತ್ತಿದ್ದರು. ಆ ದೋಣಿಯನ್ನು ನನ್ನ ಗಂಡ ಕಚೇರಿಯ ಸಿದ್ಧತಾ ಪ್ರದರ್ಶನಕ್ಕೆಂದು ಕೇಳಿ ತಂದಿದ್ದರು. "ಒಂದು ವಾರ ಅತ್ತೆ, ನಾನೇ ತಂದು ಕೊಡ್ತೀನಿ" ಎಂದಿದ್ದರು. ಬೇಸಿಗೆಯೇ ಮುಗಿದುಹೋಯಿತು.

"ದೋಣಿ ಕೇಳೋಕೆ ಬಂದಿದ್ದಳು," ಎಂದರು ಅತ್ತೆ.

"ಕೇಳಲಿಲ್ಲವಲ್ಲ."

"ಬಾಯಿಬಿಟ್ಟು ಕೇಳಿದ್ರೆ ಅವಳು ನನ್ನ ನಾದಿನಿಯೇ ಅಲ್ಲ. ಕೇಳದೇನೇ ಕೇಳ್ತಾಳೆ." ಸೊಪ್ಪು ಬಿಡಿಸುತ್ತ ಮುಂದುವರಿಸಿದರು. "ಅದು ಬರಲ್ಲ. ಅವನ ಕಚೇರಿ ಸಾಹೇಬ್ರು ಮೊನ್ನೆ ಬಂದಾಗ ಹೇಳಿದ್ರು. ದೋಣಿ ಮೇಲೆ ಅವನ ಹೆಸರು ಬರೆಸಿ, ಕಚೇರಿ ಮುಂದೆ ಶಾಶ್ವತವಾಗಿ ಇಡ್ತಾರಂತೆ. ಇರಲಿ ಬಿಡು. ಮಕ್ಕಳಂತೂ ಆಗಲಿಲ್ಲ. ಹೆಸರಾದ್ರೂ ಒಂದ್ ಕಡೆ ಇರಲಿ."

ನನ್ನ ಗಂಡನ ಮೇಜಿನಲ್ಲಿದ್ದ ಸಾಮಾನು ತರುತ್ತೇನೆಂದು ಹೇಳಿ ಕಚೇರಿಗೆ ಹೋದೆ.

ದೋಣಿ ಅಂಗಳದ ನಡುವೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂತಿತ್ತು. ಮೈಗೆಲ್ಲ ಕಿತ್ತಳೆ ಬಣ್ಣ. ಪಕ್ಕದಲ್ಲಿ 'ಸದಾ ಸಿದ್ಧರಾಗಿರಿ' ಎಂಬ ಬರಹ. ಒಳಗೆ ಹೂಕುಂಡಗಳು. ಬಗ್ಗಿ ನೋಡಿದೆ. ಗಾಳಿಗೆ ಅಲ್ಲಾಡಬಾರದೆಂದು ತಳಕ್ಕೆ ನಾಲ್ಕು ತೂತು ಕೊರೆದು ಬೋಲ್ಟು ಹಾಕಿ ಬಿಗಿದಿದ್ದರು.

ಸಾಹೇಬರು ಎದ್ದು ನಿಂತರು. ಕುರ್ಚಿ ಕೊಟ್ಟರು. ನೀರು ತರಿಸಿದರು. ನಾನು ಅಳುತ್ತೇನೆಂಬ ಭಯ ಅವರ ಮುಖದಲ್ಲಿ ಕಾಣುತ್ತಿತ್ತು.

"ಆ ದೋಣಿ ನಮ್ಮವರ ಸೋದರತ್ತೆಯದು ಸರ್," ಎಂದೆ.

"ಗೊತ್ತು ಮೇಡಂ. ಆದ್ರೆ ಈಗ ಅದು ಬರೀ ದೋಣಿ ಅಲ್ಲ ನೋಡಿ, ಇಡೀ ಸೀಮೆಗೆ ಸಿದ್ಧತೆಯ ಗುರುತು."

"ನೀರು ಬಂದ್ರೆ ಅವರ ಯಜಮಾನರನ್ನ ಸಾಗಿಸೋಕೆ ಬೇರೆ ದಾರಿ ಇಲ್ಲ."

"ಅಯ್ಯೋ, ಅದಕ್ಕೇ ಅಲ್ವಾ ನಾವಿರೋದು. ಒಂದು ಫೋನ್ ಮಾಡಿದ್ರೆ ದೋಣಿ ಕಳಿಸ್ತೀವಿ."

"ಯಾವ ದೋಣಿ ಸರ್?"

ಅವರು ಕಿಟಕಿಯಾಚೆ ನೋಡಿದರು. ಹೂಕುಂಡಗಳಿಗೆ ಯಾರೋ ಕ್ಯಾನಿನಿಂದ ನೀರು ಹಾಕುತ್ತಿದ್ದರು.

"ಕೇಳಿದೀವಿ," ಎಂದರು. "ಮೇಲಿನ ಕಚೇರಿಗೆ ಕೇಳಿದೀವಿ. ಬರುತ್ತೆ."

ವಾದ ಮಾಡಿದರೆ ಮುಂದಿನ ಮಳೆಗಾಲದವರೆಗೂ ನಡೆಯುತ್ತದೆ ಎಂದು ಅರ್ಥವಾಯಿತು. ಹತ್ತು ದಿನಗಳಿಂದ ಎಲ್ಲರೂ ನನ್ನಿಂದ ಬಯಸುತ್ತಿದ್ದದ್ದು ಒಂದೇ, ಗಂಡ ಸತ್ತವಳ ದುಃಖ. ಅದನ್ನೇ ಕೊಟ್ಟೆ. ತಲೆ ತಗ್ಗಿಸಿ, ದನಿ ಸಣ್ಣದು ಮಾಡಿ ಹೇಳಿದೆ, "ಅವರು ಕೊನೇ ಸಲ ಕೈಯಾರೆ ಕೆಲಸ ಮಾಡಿದ್ದು ಅದರ ಮೇಲೆ ಸರ್. ಮನೇಲಿ ಕಣ್ಣೆದುರಿಗೆ ಇದ್ರೆ ನನಗೆ ಸಮಾಧಾನ."

ಅತ್ತದ್ದು ಸಾಹೇಬರು. ಕರ್ಚೀಫು ಹುಡುಕಿಕೊಂಡರು. ಬೋಲ್ಟು ಬಿಚ್ಚಲು ಜನ ಕರೆಸಿದರು, ಕಚೇರಿಯ ಟೆಂಪೋ ಕೊಟ್ಟರು, ಒಂದು ಹೂಕುಂಡವನ್ನೂ ನನ್ನ ಮಡಿಲಿಗಿಟ್ಟರು.

ಮೊದಲ ತಿರುವಿನಲ್ಲೇ ಡ್ರೈವರು ಕೇಳಿದ, "ಮನೆ ಆ ಕಡೆ ಅಲ್ವಾ ಮೇಡಂ?"

"ಮೊದಲು ಬಡಗಿ ಹತ್ರ ನಡಿ."

ಬಡಗಿ ದೋಣಿಯ ಕೆಳಗೆ ತೂರಿ, ಒಂದೊಂದೇ ತೂತಿಗೆ ಬೆರಳು ಹಾಕಿ ನೋಡಿದ.

"ಏನಮ್ಮಾ ಇದು, ದೋಣಿಗೆ ಕಿವಿ ಚುಚ್ಚಿಸಿದೀರಾ?"

"ಮುಚ್ಚೋಕೆ ಆಗುತ್ತಾ?"

"ಗೂಟ ಬಡಿದು ಡಾಂಬರು ಹಾಕ್ತೀನಿ. ಎರಡು ದಿನ ಒಣಗಬೇಕು."

"ಎರಡು ದಿನ ಇಲ್ಲ."

ಅವನು ರೇಡಿಯೋ ಕಡೆ ನೋಡಿದ. ಮೇಲಿನ ಅಣೆಕಟ್ಟಿನ ಬಾಗಿಲು ತೆರೆಯುವ ಸುದ್ದಿ ಬೆಳಗಿನಿಂದ ಬರುತ್ತಿತ್ತು. ಉಳಿ ಎತ್ತಿಕೊಂಡ. ಕೆಲಸ ಮುಗಿಸಿ ಹೇಳಿದ, "ಮೂರು ಭದ್ರವಾಗಿ ಕೂತಿವೆ. ನಾಲ್ಕನೇದರ ಮೇಲೆ ನನಗೆ ಅನುಮಾನ."

ಹೊಳೆಗೆ ಹೋಗುವ ದಾರಿ ನಮ್ಮ ಮನೆಯ ಮುಂದೆಯೇ ಹಾದುಹೋಗುತ್ತದೆ. ಅತ್ತೆ ಗೇಟಿನಲ್ಲಿ ನಿಂತಿದ್ದರು. ಮುಂದೆ ಹೋಗಿಬಿಡಬಹುದಿತ್ತು. ಟೆಂಪೋ ನಿಲ್ಲಿಸಲು ಹೇಳಿದೆ.

"ಹೊಳೆಯತ್ತೆಗೆ ಕೊಟ್ಟು ಬರ್ತೀನಿ."

ಅವರು ದೋಣಿಯ ಈ ತುದಿಯಿಂದ ಆ ತುದಿಯವರೆಗೆ ನೋಡಿದರು. "ಅವನ ಹೆಸರು?"

"ಇನ್ನೂ ಬರೆದಿರಲಿಲ್ಲ."

ಬಹಳ ಹೊತ್ತು ಗೇಟಿನ ಚಿಲಕವನ್ನು ಹಾಕುತ್ತ ತೆಗೆಯುತ್ತ ನಿಂತರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಸುಲಭವಿತ್ತು.

"ಅವಳಿಗೆ ಹೇಳು," ಎಂದರು ಕೊನೆಗೆ. "ಎಲ್ಲೋ ಶಾಲೆ ಜಗುಲಿ ಮೇಲೆ ಬಿದ್ಕೋಬೇಡ, ಇಬ್ಬರೂ ಇಲ್ಲಿಗೇ ಬನ್ನಿ ಅಂತ. ಮಹಡಿ ಕೋಣೆ ಖಾಲಿ ಇದೆ. ಅವಳ ಬಾಯಿ ಮಾತ್ರ ಅಲ್ಲೇ ಬಿಟ್ಟು ಬರಲಿ."

ಮಹಡಿಯ ಕೋಣೆ ನಮ್ಮದು, ನನ್ನದು ಮತ್ತು ನನ್ನ ಗಂಡನದು. ಆಗಲಿ ಎಂದೆ.

ಹೊಳೆಯತ್ತೆಯ ಓಣಿಯ ತುದಿಗೆ ನೀರು ಆಗಲೇ ಬಂದಿತ್ತು. ಡ್ರೈವರು ಮತ್ತು ನಾನು ದೋಣಿಯನ್ನು ಇಳಿಸಿ ಅಂಗಳದವರೆಗೆ ಎಳೆದೆವು. ಹೊಳೆಯತ್ತೆ ಹೊರಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, ಆ ಕಿತ್ತಳೆ ಬಣ್ಣವನ್ನು ನೋಡಿದರು.

"ಇದು ಯಾರ ದೋಣಿ?"

"ನಿಮ್ಮದೇ ಅತ್ತೆ."

ಒಳಗಿನಿಂದ ಹೊಳೆಮಾವನ ದನಿ ಕೇಳಿತು. "ಬಂತಾ? ಆ ಪ್ರಳಯಪ್ಪನಿಗೆ ಕೊಡಬೇಡ ಅಂದಿದ್ದೆ ನಾನು."

"ಸುಮ್ನಿರ್ರೀ, ಅವಳು ಬಂದಿದಾಳೆ," ಎಂದು ಹೊಳೆಯತ್ತೆ ಗದರಿದರು. ಒಳಗೆ ಮಂಚ ಒಮ್ಮೆ ಕಿರುಗುಟ್ಟಿತು.

ಅವರು ಬಗ್ಗಿ ತಳವನ್ನು ಸವರಿ ನೋಡಿದರು. ಬೆರಳಿಗೆ ಡಾಂಬರು ಅಂಟಿತು. ತೂತು ಯಾಕೆಂದು ಕೇಳಿದರು. ಅಲ್ಲಾಡಬಾರದು ಅಂತ, ಎಂದೆ. "ದೋಣಿ ಅಲ್ಲಾಡಬಾರದು ಅಂತ," ಎಂದು ಅವರು ನಿಧಾನವಾಗಿ ತಮಗೇ ಹೇಳಿಕೊಂಡರು. ಅವರ ಭುಜ ಕುಲುಕಿತು. ನಗು ಬಂದದ್ದನ್ನು ನುಂಗಿಕೊಳ್ಳಲು ನೋಡಿದರು, ಆಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬೇರೆ ಕಡೆ ತಿರುಗಿದರು. ತಿರುಗಿಕೊಂಡೇ ಹೇಳಿದರು, "ನಾನೇ ತಂದು ಕೊಡ್ತೀನಿ ಅಂದಿದ್ದ."

"ಅವರು ಬರಲ್ಲ ಅತ್ತೆ."

ಆ ಮಾತನ್ನು ನಾನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಬಿದ್ದಿರಲಿಲ್ಲ, ಎಲ್ಲರಿಗೂ ಗೊತ್ತಿದ್ದದ್ದೇ.

ಹೊಳೆಯತ್ತೆ ಕಣ್ಣೊರೆಸಿಕೊಂಡರು. ಡಾಂಬರು ಕೆನ್ನೆಗೂ ಹತ್ತಿತು. ದೋಣಿಯ ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟು, "ಹಿಡಿ, ಇಳಿಸಿ ನೋಡೋಣ," ಎಂದರು.

ಇಳಿಸಿದೆವು. ತೇಲಿತು. ಅವರು ಹತ್ತಿ ಅಷ್ಟುದ್ದ ನಡೆದು ನೋಡಿದರು. ಬಡಗಿ ಅನುಮಾನಪಟ್ಟ ಗೂಟದ ಸುತ್ತ ನೀರು ಜಿನುಗುತ್ತಿತ್ತು. ಹೊಳೆಯತ್ತೆ ಅದರ ಮೇಲೆ ಹಿಮ್ಮಡಿ ಊರಿ ನಿಂತರು.

"ನಡೆಯುತ್ತೆ," ಎಂದರು. "ಹೋಗು, ಮಾವನ್ನ ಎಬ್ಬಿಸಿ ಅಂಗಿ ಹಾಕು."