ಹತ್ತುವವರಿಗೆ ದಾರಿ

“ಓರೆ ಮಾಡು ನೆಲ್ಲೋ! ಅತ್ತೆ ಕಾಲು ಗೋಡೆಗೆ ತಾಗತ್ತೆ.”

“ತಾಗಿದ್ರೆ ಎದ್ದು ಬೈತಾರೆ ಬಿಡಿ, ಮಾವ.”

ಹಿಂದಿನಿಂದ ಒತ್ತಾವಿಯೋ ನಕ್ಕ. ಹೆಂಡತಿ ಸತ್ತ ಮೇಲೆ ಅವನು ನಕ್ಕದ್ದು ಅದೇ ಮೊದಲು. ಶವಪೆಟ್ಟಿಗೆಯ ಮುಂದಿನ ತುದಿ ನೆಲ್ಲೋನ ಹೆಗಲ ಮೇಲಿತ್ತು, ಹಿಂದಿನದು ನೆಲ್ಲೋನ ತಮ್ಮನ ಹೆಗಲ ಮೇಲೆ. ಪಕ್ಕದಲ್ಲಿ ಇನ್ನೊಬ್ಬರು ಕೈಹಾಕಲು ಆ ಮೆಟ್ಟಿಲೋಣಿಯಲ್ಲಿ ಜಾಗವಿರಲಿಲ್ಲ.

ಇಲ್ಲಿ ದೊಡ್ಡದೇನಿದ್ದರೂ ಹಿತ್ತಿಲ ಕಿಟಕಿಯಿಂದ ಹಗ್ಗ ಕಟ್ಟಿ ಇಳಿಸುವುದು ರೂಢಿ. ಸಾಯುವ ಮೊದಲೇ ಜೆಲಿಂದಾ ಗಂಡನಿಂದ ಮಾತು ತೆಗೆದುಕೊಂಡಿದ್ದಳು: “ನಾನೇನು ಬೀರುನಾ? ಓಣಿಯಲ್ಲೇ ಕರ್ಕೊಂಡು ಹೋಗು.”

ಅರ್ಧ ಇಳಿದಿದ್ದರು. ಕೆಳಗಿನಿಂದ ಅದೇ ಓಣಿಯ ಎರ್ಸಿಲಿಯಾ ಹತ್ತಿ ಬಂದಳು, ಕಂಕುಳಲ್ಲಿ ಈರುಳ್ಳಿಸೊಪ್ಪಿನ ಚೀಲ.

ಎಲ್ಲರೂ ನಿಂತರು. ಹತ್ತುವವರಿಗೆ ದಾರಿ, ಇಳಿಯುವವರು ಹಿಂದೆ ಸರಿಯಬೇಕು: ಅದು ಓಣಿಯ ಕಾನೂನು.

“ಎರ್ಸಿಲಿಯಾ, ಹೆಣ ಕಣೆ,” ಎಂದ ಒತ್ತಾವಿಯೋ.

“ಕಾಣ್ತಿದೆ. ಹೆಣಕ್ಕೆ ಬೇರೆ ಕಾನೂನಿದೆಯಾ? ನಾನು ತುಂಬು ಬಸುರಿ ಇಳೀತಿದ್ದಾಗ ನನ್ನನ್ನ ಮೇಲಕ್ಕೆ ಹಿಮ್ಮೆಟ್ಟಿಸಿದ್ಲಲ್ಲ ಇವಳು!”

ನೆಲ್ಲೋನ ಮೊಣಕಾಲು ನಡುಗುತ್ತಿತ್ತು. ಪೆಟ್ಟಿಗೆ ಹೊತ್ತು ಮೆಟ್ಟಿಲ ಮೇಲೆ ಹಿಂದೆ ಸರಿಯುವುದು ಆಗದ ಮಾತು. ಹಿತ್ತಿಲ ಕಿಟಕಿಯೇ ಗತಿಯಾದರೆ ಕೊಟ್ಟ ಮಾತು ತಪ್ಪುತ್ತದೆ ಎಂದು ಒತ್ತಾವಿಯೋ ಬೆವರಿದ.

*

ಹಿಂದೊಮ್ಮೆ ಬೇಸಿಗೆಯ ಮಧ್ಯಾಹ್ನ ಈ ಇಬ್ಬರು ಹೆಂಗಸರೂ ಹೀಗೇ ಎದುರುಬದುರಾಗಿದ್ದರು. ನಾನೇ ಹತ್ತುತ್ತಿದ್ದೆ ಎಂದು ಜೆಲಿಂದಾ. ನೀನು ಏನೋ ಮರೆತು ಅರ್ಧದಲ್ಲಿ ತಿರುಗಿದವಳು, ಅದು ಲೆಕ್ಕಕ್ಕಿಲ್ಲ ಎಂದು ಎರ್ಸಿಲಿಯಾ. ಯಾರೂ ಜಗ್ಗಲಿಲ್ಲ. ಎರಡೂ ಮನೆಗಳಲ್ಲಿ ಸಾರು ಸೀದಿತು. ಸಂಜೆಗೆ ಮೇಲಿನ ಕಿಟಕಿಯಿಂದ ಯಾರೋ ಬುಟ್ಟಿಯಲ್ಲಿ ರೊಟ್ಟಿ, ದ್ರಾಕ್ಷಾರಸ ಇಳಿಬಿಟ್ಟರು. ಹೊಟ್ಟೆಗೆ ಹೊಟ್ಟೆ ತಾಗಿಸಿಕೊಂಡೇ ಇಬ್ಬರೂ ತಿಂದರು, ಬೈದರು, ನಕ್ಕರು. ಆ ರಾತ್ರಿ ಜೆಲಿಂದಾ ಹಾಡುತ್ತ ಪಾತ್ರೆ ತೊಳೆದಳು.

*

ಎರ್ಸಿಲಿಯಾ ಚೀಲವನ್ನು ಪಕ್ಕದ ಕಿಟಕಿಯ ಸರಳಿಗೆ ಸಿಕ್ಕಿಸಿದಳು.

“ಸೋತೆ ಅಂದ್ಕೋಬೇಡ,” ಎಂದಳು ಪೆಟ್ಟಿಗೆಗೆ. “ಈ ಹುಡುಗನ ಕಾಲು ನೋಡಿ ದಾರಿ ಬಿಡ್ತಿದೀನಿ.”

“ತಿರುಗಿ ಇಳೀರಿ ಚಿಕ್ಕಮ್ಮ, ಬೀಳ್ತೀರ,” ಎಂದ ನೆಲ್ಲೋ.

“ಇವಳಿಗೆ ಬೆನ್ನು ಹಾಕೋದಾ? ನಡಿಯೋ ಸುಮ್ನೆ.”

ಕೆಳಗೆ ಚೌಕದಲ್ಲಿ ಕಾಯುತ್ತಿದ್ದವರಿಗೆ ಮೊದಲು ಕಂಡದ್ದು ಒಂದು ಅಗಲವಾದ ಕಪ್ಪು ಬೆನ್ನು. ಎರ್ಸಿಲಿಯಾ ಹಿಮ್ಮಡಿಯಿಂದ ಮೆಟ್ಟಿಲು ತಡವುತ್ತ, ನೆಲ್ಲೋನ ಹೆಗಲಿನಾಚೆ ಚಾಚಿದ ಪೆಟ್ಟಿಗೆಯ ತುದಿಗೆ ಅಂಗೈ ಒತ್ತಿ ಹಿಂದುಹಿಂದಾಗಿ ಇಳಿಯುತ್ತಿದ್ದಳು. ಬಾಯಿತುಂಬ ಬೈಯುತ್ತಿದ್ದಳು. ಒಂದೊಂದು ಬೈಗುಳಕ್ಕೂ ತುಸು ನಿಂತು, ಎದುರಿನವಳಿಗೆ ಉತ್ತರ ಕೊಡಲು ಅವಕಾಶ ಬಿಟ್ಟು, ಆಮೇಲೆ ಮುಂದಿನ ಮೆಟ್ಟಿಲಿಗೆ ಕಾಲಿಡುತ್ತಿದ್ದಳು.