ಸುಟ್ಟುಹೋದ ಮೂರು ರಿಲೇ

"ಮತ್ತೆ ಇದನ್ನೇ ಕೊಡ್ಲಾ ಅಂತ ಕೇಳ್ಬೇಡ ಎಲ್ಮರ್, ಇದು ಮೂರನೇದು!" ಲೊರೀನ್ ಕರಕಲಾದ ರಿಲೇಯನ್ನು ಬಿಡಿಭಾಗದಂಗಡಿಯ ಕೌಂಟರಿನ ಮೇಲೆ ಕುಕ್ಕಿದಳು. "ಒರೆಗಾನ್‌ನಲ್ಲಿ ಅಕ್ಕ ನನಗೋಸ್ಕರ ಜೀವ ಹಿಡ್ಕೊಂಡಿದ್ದಾಳೆ. ಭಾನುವಾರದ ಮೇಲೆ ಹೇಳೋಕಾಗಲ್ಲ ಅಂದಿದ್ದಾರೆ ಡಾಕ್ಟ್ರು."

ಗಂಡಹೆಂಡತಿ ವಾಸಿಸುವ ಚಕ್ರದ ಮೇಲಿನ ಮನೆ, ಆ ಮೋಟರ್‌ಹೋಮ್, ಓಡುವಾಗ ಎಂಜಿನ್ನಿನ ಕರೆಂಟು ಒಳಗಿನ ಮನೆಯ ಬ್ಯಾಟರಿಗೆ ಹೋಗುವುದು ಆ ರಿಲೇಯ ಮೂಲಕ. ಅದು ಸುಟ್ಟರೆ ದಾರಿಯಲ್ಲಿ ಫ್ರಿಜ್ ನಿಲ್ಲುತ್ತದೆ, ಲೊರೀನಳ ಇನ್ಸುಲಿನ್ ಅರಿಜೋನದ ಬಿಸಿಲಿಗೆ ಹಾಳಾಗುತ್ತದೆ. ಮೂರು ಸಲ ಹೊರಟು ಮೂರು ಸಲವೂ ಅರ್ಧ ದಾರಿಯಿಂದ ಮರಳಿದ್ದರು. ಪ್ರತಿ ಸಲವೂ ಗಂಡ ಡ್ವೇನ್ "ದರಿದ್ರ ಸಾಮಾನು!" ಎಂದು ಹಣೆ ಚಚ್ಚಿಕೊಂಡಿದ್ದ. ಪಾಪ, ಇವಳೇ ಅವನಿಗೆ ಸಮಾಧಾನ ಹೇಳಿದ್ದಳು.

ಎಲ್ಮರ್ ಹೊಸದೊಂದನ್ನು ತಂದು ಪಕ್ಕದಲ್ಲಿಟ್ಟ. ನೋಡಲು ಎರಡೂ ಒಂದೇ.

"ನಿನ್ನದು ಎಂಜಿನ್ ಸ್ಟಾರ್ಟ್ ಮಾಡೋಕೆ ಇರೋದಮ್ಮ. ಎರಡು ಸೆಕೆಂಡ್ ಕೆಲಸ, ಅಷ್ಟೆ. ದಿನವಿಡೀ ಕರೆಂಟ್ ಹೊರೋಕೆ ಇದು ಬೇಕು. ಡ್ವೇನ್‌ಗೆ ಮೂರು ಸಲಾನೂ ಹೇಳಿದ್ನಲ್ಲ?"

"ಏನಂದ?"

"'ಗೊತ್ತು ಮಾರಾಯ, ನಂಗೆ ಅದೇ ಕೊಡು' ಅಂದ. ನಲವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದೋನಿಗೆ ನಾನೇನು ಪಾಠ ಹೇಳ್ಲಿ?"

ಲೊರೀನ್ ಕೌಂಟರಿನ ಮೇಲೆ ದುಡ್ಡು ಎಣಿಸಿಟ್ಟಳು. ಹೊಸದನ್ನು ಮೋಟರ್‌ಹೋಮ್‌ಗಳು ತಂಗುವ ಪಾರ್ಕಿಗೆ ತಂದು, ಎಲ್ಮರ್ ಹೇಳಿಕೊಟ್ಟಂತೆ ಬ್ಯಾಟರಿಯ ತಂತಿ ಬಿಚ್ಚಿ, ತಾನೇ ನಾಲ್ಕು ನಟ್ಟು ಬಿಗಿದಳು. ಡ್ವೇನ್ ಮಡಿಸುವ ಕುರ್ಚಿಯಲ್ಲಿ ಕಾಫಿ ಹೀರುತ್ತ ನೋಡಿದ. ಸಹಾಯಕ್ಕೆ ಏಳಲಿಲ್ಲ.

"ಎಲ್ಮರ್ ಎಲ್ಲಾ ಹೇಳಿದ," ಎಂದಳು.

ಅವನು ಲೋಟದೊಳಕ್ಕೆ ಕಣ್ಣಿಳಿಸಿದ. "ಮೂವತ್ತು ವರ್ಷದಲ್ಲಿ ನಿಮ್ಮಕ್ಕ ಒಂದು ಸಲಾನಾದ್ರೂ ನನ್ನ ಒಳಗೆ ಬಾ ಅಂದಿದ್ದಾಳಾ? ಅಲ್ಲಿಗೆ ಹೋಗಿದ್ರೆ ನೀನು ವಾಪಸ್ ಬರ್ತಿರಲಿಲ್ಲ ಕಣೇ."

"ಬರ್ತಿದ್ದೆ ಕಣೋ. ಇವತ್ತು ಬೆಳಿಗ್ಗೆ ತನಕ ಬರ್ತಿದ್ದೆ." ಕೈ ಒರೆಸಿಕೊಂಡಳು. "ಏಳು, ದೀಪ ನೋಡು."

ಹೊರಡುವ ಮುನ್ನ ಒಬ್ಬರು ಸ್ಟಿಯರಿಂಗ್ ಹಿಡಿದು, ಇನ್ನೊಬ್ಬರು ಹಿಂದೆ ನಿಂತು ದೀಪ ನೋಡುವುದು ಪಾರ್ಕಿನ ಗಂಡಹೆಂಡಿರ ರೂಢಿ. ಸದ್ಯ, ಇಷ್ಟಕ್ಕೇ ಮುಗಿಯಿತಲ್ಲ ಎಂದು ಡ್ವೇನ್ ಹಗುರಾಗಿ ಎದ್ದು ಹಿಂದೆ ಹೋದ.

ಅವಳು ಬ್ರೇಕ್ ಒತ್ತಿದಳು. ಕನ್ನಡಿಯಲ್ಲಿ ಅವನು ಹೆಬ್ಬೆರಳು ಎತ್ತಿದ. ಎಡಗಡೆಯ ದೀಪ. ಎತ್ತಿದ. ಬಲಗಡೆಯದು. ಎತ್ತಿದ.

ಲೊರೀನ್ ಗೇರ್ ಹಾಕಿದಳು. ಬಂಡಿ ಜಲ್ಲಿ ದಾಟಿ ಹೆದ್ದಾರಿ ಹತ್ತಿದಾಗಲೂ ಡ್ವೇನ್ ಧೂಳಿನೊಳಗೆ ಕೈಯೆತ್ತಿಕೊಂಡೇ ನಿಂತಿದ್ದ. ದೀಪಗಳೆಲ್ಲ ಸರಿಯಾಗಿಯೇ ಉರಿಯುತ್ತಿದ್ದವು.